ಸುಟ್ಟಿದ್ದಕ್ಕೂ ಲೆಕ್ಕ ಬರೆದಿಟ್ಟ ಊರುಗಳು: ಸ್ಕಾಟ್ಲೆಂಡಿನ ‘ಮಾಟಗಾತಿ’ಯರ ಕತೆ

ಸ್ಕಾಟ್ಲೆಂಡಿನ ಅಬರ್ಡೀನ್ ಪಟ್ಟಣದ ಹಳೇ ಲೆಕ್ಕದ ಪುಸ್ತಕದಲ್ಲಿ 1597ರ ಸುಮಾರಿನ ಕೆಲವು ಖರ್ಚುಗಳಿವೆ. ಇಷ್ಟು ಹೊರೆ ಪೀಟ್ (ಅಲ್ಲಿನ ಜೌಗು ನೆಲದಿಂದ ಕಡಿದು, ಒಣಗಿಸಿ, ಒಲೆಗೆ ಹಾಕುವ ಹೆಂಟೆ), ಇಷ್ಟು ಕಲ್ಲಿದ್ದಲು, ಟಾರಿನ ಪೀಪಾಯಿಗಳು, ನೆಡಲು ಒಂದು ಕಂಬ, ಕಟ್ಟಲು ಹಗ್ಗ, ಕೊನೆಗೆ ಕೆಲಸ ಮುಗಿಸಿದವನ ಕೂಲಿ. ಮದುವೆ ಮನೆಯ ಸಾಮಾನಿನ ಪಟ್ಟಿ ಥರ ಸಾಲಾಗಿ ಬರೆದಿದ್ದಾರೆ. ಮಾಟಗಾತಿಯರು ಅಂತ ತೀರ್ಮಾನ ಮಾಡಿದವರನ್ನು ಸುಟ್ಟ ಖರ್ಚು ಅದು. ಆ ಒಂದೇ ಸುತ್ತಿನಲ್ಲಿ ಅಬರ್ಡೀನಿನಲ್ಲಿ 20ಕ್ಕೂ ಹೆಚ್ಚು ಜನ ಸತ್ತರು. ಇದನ್ನೆಲ್ಲ ಓಡಾಡಿ ನೋಡಿಕೊಂಡ ಪಟ್ಟಣದ ಅಧಿಕಾರಿಗೆ, ಹೆಚ್ಚಿಗೆ ಶ್ರಮಪಟ್ಟಿದ್ದಾರೆ ಅಂತ ಪಟ್ಟಣ ಸಭೆ ಬಹುಮಾನವನ್ನೂ ಕೊಟ್ಟಿತು.

ಮಾಟಗಾತಿಯನ್ನು ಸುಟ್ಟರು ಅಂದ ತಕ್ಷಣ ನಮ್ಮ ಕಣ್ಣಿಗೆ ಬರೋದು ಪಂಜು ಹಿಡಿದು ಕಿರುಚುವ ಒಂದು ಗುಂಪು, ಅಲ್ವಾ? ಸಿನಿಮಾಗಳು ಕಲಿಸಿದ್ದು ಅದನ್ನೇ. ಸ್ಕಾಟ್ಲೆಂಡಿನಲ್ಲಿ ಹೆಚ್ಚಿನಂಶ ನಡೆದದ್ದು ಬೇರೆ. ಅಲ್ಲಿ ಅರ್ಜಿ ಇತ್ತು, ಸಾಕ್ಷಿ ಹೇಳಿಕೆ ಇತ್ತು, ರಾಜಧಾನಿಯಿಂದ ಅನುಮತಿ ಪತ್ರ ಬರುತ್ತಿತ್ತು, ಜ್ಯೂರಿ ಕೂರುತ್ತಿತ್ತು, ಆಮೇಲೆ ಬಿಲ್ಲು. ಈಗ ಅಲ್ಲಿ ಆ ಹೆಂಗಸರಿಗೆ ಕಾನೂನಿನ ಪ್ರಕಾರ ಕ್ಷಮಾದಾನ ಕೊಡಬೇಕೋ ಬೇಡವೋ ಅನ್ನುವ ಚರ್ಚೆ ಎದ್ದಿರುವುದಕ್ಕೂ ಮೂಲ ಇದೇ. ಗುಂಪು ಕೊಂದಿದ್ದರೆ ಅದನ್ನು ಕೊಲೆ ಅಂದು ಬಿಡಬಹುದಿತ್ತು. ಇಲ್ಲಿ ಸರ್ಕಾರದ ಕಡತದಲ್ಲಿ ಇವರು ಇವತ್ತಿಗೂ ಅಪರಾಧಿಗಳು.

ಮೊದಲು ಅಂಕಿ ಅಂಶ. 1563ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಮಾಟದ ವಿರುದ್ಧ ಕಾಯ್ದೆ ಮಾಡಿತು. ದೇಶ ಕ್ಯಾಥೊಲಿಕ್ ಪಂಥ ಬಿಟ್ಟು ಪ್ರಾಟೆಸ್ಟೆಂಟ್ ಆಗಿ ಆಗಷ್ಟೇ ಮೂರು ವರ್ಷ. ಮಾಟ ಮಾಡಿದವರಿಗೂ ಸಾವು, ಮಾಟ ಮಾಡಿಸಲು ಹೋದವರಿಗೂ ಸಾವು, ಕಾಯ್ದೆ ಹೇಳಿದ್ದು ಇಷ್ಟು. ಅದು ರದ್ದಾಗಿದ್ದು 1736ರಲ್ಲಿ. ನಡುವೆ 173 ವರ್ಷ. ಎಡಿನ್‌ಬರೋ ವಿಶ್ವವಿದ್ಯಾಲಯದವರು ಹಳೇ ದಾಖಲೆಗಳನ್ನೆಲ್ಲ ಜಾಲಾಡಿ 2003ರಲ್ಲಿ ಒಂದು ಪಟ್ಟಿ ಹೊರತಂದರು. ಅದರಲ್ಲಿ 3,837 ಆರೋಪಿಗಳಿದ್ದಾರೆ. ಅವರಲ್ಲಿ ಸುಮಾರು 84 ಪರ್ಸೆಂಟ್ ಹೆಂಗಸರು. ಎಷ್ಟು ಜನರನ್ನು ಕೊಂದರು ಅನ್ನುವುದಕ್ಕೆ ಪೂರ್ತಿ ದಾಖಲೆ ಉಳಿದಿಲ್ಲ, ಸುಮಾರು 2,500 ಅನ್ನುವುದು ಸಾಮಾನ್ಯವಾಗಿ ಒಪ್ಪುವ ಅಂದಾಜು. ಆಗ ಇಡೀ ದೇಶದ ಜನಸಂಖ್ಯೆಯೇ ಹತ್ತು ಲಕ್ಷದ ಆಸುಪಾಸು. ಪಕ್ಕದ ಇಂಗ್ಲೆಂಡಿನಲ್ಲಿ ಜನ ಇದರ ನಾಲ್ಕೈದು ಪಟ್ಟು ಇದ್ದರೂ ಸತ್ತವರ ಸಂಖ್ಯೆ ಇದಕ್ಕಿಂತ ಬಹಳ ಕಡಿಮೆ.

ಎಲ್ಲ ಶುರುವಾಗುತ್ತಿದ್ದದ್ದು ಬೀದಿ ಜಗಳದಿಂದ. ನಿಜವಾಗಿಯೂ ಅಷ್ಟೇ. ಫೈಫ್ ಕರಾವಳಿಯ ಪಿಟನ್‌ವೀಮ್ ಅನ್ನುವ ಊರಲ್ಲಿ 1704ರಲ್ಲಿ ಬೀಟ್ರಿಕ್ಸ್ ಲೇಂಗ್ ಎಂಬಾಕೆ ಕಮ್ಮಾರನ ಮನೆಗೆ ಹೋಗಿ ಒಂದಷ್ಟು ಮೊಳೆ ಮಾಡಿಕೊಡು ಅಂದಳು. ಕೆಲಸ ಕಲಿಯುತ್ತಿದ್ದ ಹುಡುಗ ಈಗ ಪುರುಸೊತ್ತಿಲ್ಲ ಅಂದ. ಆಕೆ ಏನೋ ಗೊಣಗಿಕೊಂಡು ಹೋದಳು. ಆಮೇಲೆ ಆಕೆ ನೀರಿಗೆ ಕೆಂಡ ಹಾಕುತ್ತಿದ್ದದ್ದನ್ನು ಹುಡುಗ ನೋಡಿದ, ಅವನಿಗೆ ಕೈಕಾಲು ಸೋತು ಬಂತು. ಮುಗಿಯಿತು, ಕೇಸು ತಯಾರು. ಇನ್ನೊಂದು ಕಡೆ ಹಾಲು ಕೇಳಿದವಳಿಗೆ ಇಲ್ಲ ಅಂದಿರುತ್ತಾರೆ, ವಾರದೊಳಗೆ ಹಸು ಬತ್ತಿಹೋಗುತ್ತದೆ. ಮತ್ತೊಂದು ಕಡೆ ಬಾಕಿ ವಸೂಲಿಗೆ ಬಂದವಳ ಜೊತೆ ಮಾತಿಗೆ ಮಾತು ಬೆಳೆಯುತ್ತದೆ, ಮಗುವಿಗೆ ಜ್ವರ ಬರುತ್ತದೆ. ಎಡಿನ್‌ಬರೋ ಪಕ್ಕದ ಪಾಟರೋದಲ್ಲಿ ಚಿಕ್ಕ ಅಂಗಡಿ ಇಟ್ಟುಕೊಂಡು ಕೈಸಾಲವನ್ನೂ ಕೊಡುತ್ತಿದ್ದ ಆಗ್ನೆಸ್ ಫಿನಿ ಎಂಬಾಕೆಯ ಮೇಲಿನ ಆರೋಪಗಳನ್ನು ಓದಿದರೆ ಮಾಟಕ್ಕಿಂತ ವ್ಯಾಪಾರದ ಜಗಳವೇ ಜಾಸ್ತಿ ಕಾಣುತ್ತದೆ. ಬಾಯಿ ಜೋರು, ಕೆಟ್ಟದಾಗಿ ಬೈಯುತ್ತಾಳೆ, ಅವಳು ಬೈದರೆ ತಟ್ಟುತ್ತದೆ. 1645ರಲ್ಲಿ ಅವಳನ್ನು ಕೊಂದರು.

ಹಿಡಿಶಾಪ ಹಾಕುವ ಹೆಂಗಸು ಯಾವ ಊರಲ್ಲಿಲ್ಲ ಹೇಳಿ. ದೃಷ್ಟಿ ತಾಗಿತು ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕೋದು ನಮ್ಮ ಮನೆಗಳಲ್ಲೂ ಇದೆ. ನಂಬಿಕೆ ಒಂದೇ ಇದ್ದರೆ ಅದಕ್ಕೆ ಊರೊಳಗೇ ಏನೋ ಒಂದು ಪರಿಹಾರ ಸಿಗುತ್ತದೆ. ತಡೆ ಕಟ್ಟಿಸುತ್ತಾರೆ, ಕೈಕಾಲು ಹಿಡಿದು ಶಾಪ ವಾಪಸ್ ತೆಗೆಸುತ್ತಾರೆ, ಮಾತು ಬಿಡುತ್ತಾರೆ. ಸ್ಕಾಟ್ಲೆಂಡಿನ ಹಳ್ಳಿಗಳಲ್ಲೂ 1563ಕ್ಕೆ ಮುಂಚೆ ತಲತಲಾಂತರದಿಂದ ಹೀಗೇ ನಡೆದಿತ್ತು. ಹೊಸದಾಗಿ ಬಂದದ್ದು ಏನಪ್ಪಾ ಅಂದರೆ ಈ ಗೊಣಗಾಟವನ್ನೆಲ್ಲ ಬರೆದುಕೊಳ್ಳುವ ಒಂದು ಕಚೇರಿ.

ಅದರ ಹೆಸರು ಕರ್ಕ್ ಸೆಷನ್. ಊರಿನ ಪಾದ್ರಿ, ಜೊತೆಗೆ ನಾಲ್ಕು ಜನ ಹಿರಿಯರು ಕೂರುವ ಚರ್ಚಿನ ಪಂಚಾಯ್ತಿ ಅನ್ನಿ. ಭಾನುವಾರ ಬಟ್ಟೆ ಒಗೆದವರು, ಮದುವೆಗೆ ಮುಂಚೆ ಬಸುರಾದವರು, ಬೀದಿಯಲ್ಲಿ ಬೈದಾಡಿದವರು, ಎಲ್ಲರನ್ನೂ ಕರೆಸಿ ವಿಚಾರಿಸೋದು ಅವರ ಕೆಲಸ. ಎಲ್ಲವನ್ನೂ ಬರೆದಿಡುತ್ತಿದ್ದರು. ಒಬ್ಬಾಕೆಯ ಮೇಲೆ ಹತ್ತಿಪ್ಪತ್ತು ವರ್ಷಗಳಿಂದ ಕೂಡಿಕೊಂಡು ಬಂದ ದೂರುಗಳು ಹೀಗೆ ಒಂದೇ ಕಡೆ ಸೇರುತ್ತಿದ್ದವು. ಆದರೆ ಗಲ್ಲಿಗೆ ಹಾಕುವ ಅಧಿಕಾರ ಚರ್ಚಿಗಿರಲಿಲ್ಲ. ಅವರು ಕಾಗದಪತ್ರ ಕಟ್ಟಿ ಎಡಿನ್‌ಬರೋದ ಪ್ರಿವಿ ಕೌನ್ಸಿಲ್‌ಗೆ, ಅಂದರೆ ರಾಜನ ಸಲಹಾ ಮಂಡಳಿಗೆ, ಕಳಿಸುತ್ತಿದ್ದರು. ಮಂಡಳಿ ಓದಿ ನೋಡಿ, ಸರಿ, ನೀವೇ ವಿಚಾರಣೆ ಮಾಡಿ ಅಂತ ಆ ಊರಿನ ಜಮೀನ್ದಾರರಿಗೆ ಅನುಮತಿ ಪತ್ರ ಕೊಡುತ್ತಿತ್ತು. ಆ ಜಮೀನ್ದಾರರಿಗೆ ಕಾನೂನು ಗೊತ್ತಿರಬೇಕು ಅಂತೇನಿಲ್ಲ. ಆರೋಪಿಯ ಅಕ್ಕಪಕ್ಕದವರೇ ಸಾಕ್ಷಿ, ಅಕ್ಕಪಕ್ಕದವರೇ ಜ್ಯೂರಿ. ಇಂಥ ಊರ ವಿಚಾರಣೆಗೆ ಹೋದವರು ಬದುಕಿ ಬಂದದ್ದು ಕಡಿಮೆ. ಎಡಿನ್‌ಬರೋದ ದೊಡ್ಡ ಕೋರ್ಟಿಗೆ ಹೋದವರಿಗೆ ಸ್ವಲ್ಪವಾದರೂ ಆಸೆ ಇತ್ತು, ಅಲ್ಲಿ ವಕೀಲರಿದ್ದರು, ಬಿಡುಗಡೆಯಾದವರೂ ಇದ್ದರು.

ಅನುಮತಿ ಸಿಗಲು ಬರೀ ಹಾಲಿನ ಜಗಳ ಸಾಲುತ್ತಿರಲಿಲ್ಲ. ತಪ್ಪೊಪ್ಪಿಗೆ ಇದ್ದರೆ ಕೆಲಸ ಸಲೀಸು. ಅಕ್ಕಪಕ್ಕದವರಿಗೆ ಬೇಕಿದ್ದದ್ದು ಹಸು ಯಾಕೆ ಬತ್ತಿತು ಅನ್ನೋದಕ್ಕೆ ಉತ್ತರ. ಪಾದ್ರಿಗೆ ಬೇಕಿದ್ದದ್ದು ಬೇರೆ. ಸೈತಾನನನ್ನು ಎಲ್ಲಿ ಕಂಡೆ, ಜ್ಞಾನಸ್ನಾನವನ್ನು ಯಾವಾಗ ತೊರೆದೆ, ಅವನು ನಿನಗೆ ಎಲ್ಲಿ ಗುರುತು ಹಾಕಿದ, ಜೊತೆಗೆ ಯಾರ್‍ಯಾರು ಇದ್ದರು? ಈ ಕೊನೆಯ ಪ್ರಶ್ನೆಯೇ ಕೇಸನ್ನು ಒಬ್ಬರಿಂದ ಇಪ್ಪತ್ತು ಜನಕ್ಕೆ ಹಬ್ಬಿಸುತ್ತಿತ್ತು.

ಉತ್ತರ ಬರಿಸುವ ಸುಲಭದ ದಾರಿ ನಿದ್ದೆಗೆಡಿಸೋದು. ಹಗಲು ರಾತ್ರಿ ಪಾಳಿಯಲ್ಲಿ ಕಾವಲು ಕೂತು, ಕಣ್ಣು ಮುಚ್ಚಿದರೆ ತಿವಿದು ಎಬ್ಬಿಸುವುದು. ಮೂರು ದಿನ ನಿದ್ದೆ ಇಲ್ಲದಿದ್ದರೆ ಮನುಷ್ಯ ಇಲ್ಲದ್ದನ್ನು ನೋಡಲು ಶುರು ಮಾಡುತ್ತಾನೆ. ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾನೆ. ಇದನ್ನು ಆಗ ಚಿತ್ರಹಿಂಸೆ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ, ಸುಮ್ನೆ ಕಾವಲು ಅಷ್ಟೇ. ಜೊತೆಗೆ ಸೂಜಿ ಚುಚ್ಚುವವರು. ಸೈತಾನ ಗುರುತು ಹಾಕಿದ ಜಾಗದಲ್ಲಿ ನೋವಾಗುವುದಿಲ್ಲ, ರಕ್ತ ಬರುವುದಿಲ್ಲ ಅನ್ನುವುದು ಲೆಕ್ಕಾಚಾರ. ಮೈಯೆಲ್ಲ ಬತ್ತಲೆ ಮಾಡಿ, ಕೂದಲು ಬೋಳಿಸಿ, ಉದ್ದ ಸೂಜಿಯಿಂದ ಚುಚ್ಚುತ್ತಾ ಹೋಗುವುದು. ಇದೊಂದು ಕಸುಬೇ ಆಗಿತ್ತು. ಟ್ರಾನೆಂಟ್ ಊರಿನ ಜಾನ್ ಕಿನ್‌ಕೇಡ್ ಊರಿಂದೂರಿಗೆ ಹೋಗಿ ಕೂಲಿ, ಊಟ, ಕುಡಿತದ ಖರ್ಚು ಎಲ್ಲ ವಸೂಲಿ ಮಾಡುತ್ತಿದ್ದ. 1662ರಲ್ಲಿ ಜಾನ್ ಡಿಕ್ಸನ್ ಅನ್ನುವ ಇನ್ನೊಬ್ಬ ಸೂಜಿಗಾರ ಸಿಕ್ಕಿಬಿದ್ದ. ವಿಚಾರಿಸಿದರೆ ಅವನು ಅವನಲ್ಲ, ಗಂಡಸಿನ ವೇಷದ ಕ್ರಿಶ್ಚಿಯನ್ ಕ್ಯಾಡಲ್ ಎಂಬ ಹೆಂಗಸು. ಹೆಂಗಸರನ್ನು ಹಿಡಿದುಕೊಡುವ ಕಸುಬಿಗೂ ಗಂಡು ವೇಷ ಬೇಕಾಗಿತ್ತು.

ನಿಜ, ಮೇಲಿನಿಂದ ಬೆಂಕಿ ಹಚ್ಚಿದವರೂ ಇದ್ದರು. ಅವರಲ್ಲಿ ಮೊದಲಿಗ ರಾಜ ಆರನೇ ಜೇಮ್ಸ್. 1589ರಲ್ಲಿ ಡೆನ್ಮಾರ್ಕಿನ ರಾಜಕುಮಾರಿ ಆನ್ ಜೊತೆ ಮದುವೆ ಆಯಿತು, ಬಿರುಗಾಳಿಗೆ ಅವಳ ಹಡಗು ಬರಲಾಗಲಿಲ್ಲ, ಇವನೇ ಹೋಗಿ ಕರೆದುಕೊಂಡು ಬರಬೇಕಾಯಿತು. ಗಾಳಿಗೆ ಕಾರಣ ಮಾಟ ಅಂತ ಮೊದಲು ಕೋಪನ್‌ಹೇಗನ್‌ನಲ್ಲಿ ಹೆಂಗಸರನ್ನು ಹಿಡಿದರು. ಅದೇ ಗುಮಾನಿ 1590ರಲ್ಲಿ ಇಲ್ಲಿಗೂ ಬಂತು. ಟ್ರಾನೆಂಟ್‌ನ ಡೇವಿಡ್ ಸೀಟನ್ ಎಂಬ ಅಧಿಕಾರಿಯ ಮನೆಯಲ್ಲಿ ಗೀಲಿಸ್ ಡಂಕನ್ ಅನ್ನುವ ಕೆಲಸದ ಹುಡುಗಿ ಇದ್ದಳು. ರಾತ್ರಿ ಹೊತ್ತು ಹೊರಗೆ ಹೋಗುತ್ತಾಳೆ, ಕಾಯಿಲೆ ವಾಸಿ ಮಾಡುತ್ತಾಳೆ ಅಂತ ಅನುಮಾನಪಟ್ಟ ಯಜಮಾನ ಅವಳ ಬೆರಳುಗಳನ್ನು ತಿರುಪಿನಲ್ಲಿ ಹಿಂಡಿಸಿದ. ಅವಳು ಹೆಸರುಗಳನ್ನು ಹೇಳಿದಳು. ಸೂಲಗಿತ್ತಿ, ನಾಟಿ ವೈದ್ಯೆ ಅಂತ ಹೆಸರಾಗಿದ್ದ ಆಗ್ನೆಸ್ ಸ್ಯಾಂಪ್ಸನ್‌ಳನ್ನು ಹೋಲಿರೂಡ್ ಅರಮನೆಗೆ ಎಳೆತಂದು ರಾಜನೇ ಎದುರು ಕೂತು ಪ್ರಶ್ನೆ ಮಾಡಿದ. 1591ರ ಜನವರಿಯಲ್ಲಿ ಅವಳ ಕತ್ತು ಹಿಸುಕಿ ಸುಟ್ಟರು. (ಬಹುತೇಕ ಎಲ್ಲರಿಗೂ ಹೀಗೇ, ಮೊದಲು ಹಿಸುಕೋದು, ಆಮೇಲೆ ಸುಡೋದು. ನ್ಯಾಯಾಧೀಶರೊಬ್ಬರ ಮಗಳಾದ ಯೂಫೇಮ್ ಮೆಕಾಲ್ಜಿಯನ್‌ಗೆ ಆ ಕರುಣೆಯನ್ನೂ ತೋರಿಸದೆ ಜೀವಂತ ಸುಟ್ಟರು.) ಬಾರ್ಬರಾ ನೇಪಿಯರ್ ಎಂಬಾಕೆಯ ಮೇಲಿನ ಮುಖ್ಯ ಆರೋಪವನ್ನು ಜ್ಯೂರಿ ಒಪ್ಪದಿದ್ದಾಗ ರಾಜ ಜ್ಯೂರಿಯವರ ಮೇಲೆಯೇ ಕೇಸು ಹಾಕಿಸಿದ. ಇನ್ನು ಮುಂದಿನ ಜ್ಯೂರಿಗಳಿಗೆ ಇದಕ್ಕಿಂತ ಪಾಠ ಬೇಕಾ? ಗೀಲಿಸ್ ಮಾತ್ರ ಸಾಯುವ ಮುಂಚೆ, ದೊಡ್ಡ ಮನೆಯ ಆ ಹೆಂಗಸರ ಮೇಲೆ ತಾನು ಹೇಳಿದ್ದು ಸುಳ್ಳು ಅಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

ಇಷ್ಟೆಲ್ಲ ನಡೆದರೂ ಯಾರಿಗೂ ಅನುಮಾನ ಬರಲಿಲ್ಲವೇ ಅಂದರೆ, ಬಂದಿತ್ತು. 1597ರಲ್ಲಿ ಬಾಲ್‌ವೀರಿಯ ಮಾರ್ಗರೆಟ್ ಏಟ್ಕಿನ್ ಎಂಬಾಕೆ ಜೀವ ಉಳಿಸಿಕೊಳ್ಳಲು ಒಂದು ಉಪಾಯ ಮಾಡಿದಳು. ಕಣ್ಣು ನೋಡಿದರೆ ಯಾರು ಮಾಟಗಾತಿ ಅಂತ ಹೇಳಬಲ್ಲೆ ಅಂದಳು. ಅಧಿಕಾರಿಗಳು ಅವಳನ್ನು ಊರೂರಿಗೆ ಕರೆದುಕೊಂಡು ಹೋದರು, ಅವಳು ಬೆರಳು ತೋರಿಸಿದವರು ಸತ್ತರು. ಕೊನೆಗೆ ಯಾರಿಗೋ ಬುದ್ಧಿ ಬಂತು. ಇವತ್ತು ಅಪರಾಧಿ ಅಂದವರನ್ನೇ ನಾಳೆ ಬೇರೆ ಬಟ್ಟೆ ಹಾಕಿಸಿ ಮುಂದೆ ನಿಲ್ಲಿಸಿದರು. ಇವರು ನಿರಪರಾಧಿಗಳು ಅಂದಳು. ಅವಳನ್ನು ಸುಟ್ಟರು, ಆ ವರ್ಷದ ಬೇಟೆ ತಣ್ಣಗಾಯಿತು. ಆದರೆ ಕಾಯ್ದೆ ಹಾಗೇ ಉಳಿಯಿತು, ರಾಜ ಅದೇ ವರ್ಷ ಮಾಟ ಇದೆ ಅಂತ ವಾದಿಸುವ ಪುಸ್ತಕವನ್ನೇ ಹೊರತಂದ.

ಹೆಂಗಸರೇ ಯಾಕೆ? ಕಾಯ್ದೆಯಲ್ಲಿ ಹೆಣ್ಣು ಅಂತ ಬರೆದಿರಲಿಲ್ಲ, ಗಂಡಸರೂ ಸತ್ತಿದ್ದಾರೆ. ಹೆಂಗಸರು ಬುದ್ಧಿಯಲ್ಲಿ ದುರ್ಬಲರು, ಸೈತಾನನಿಗೆ ಬೇಗ ಬಲಿಯಾಗುತ್ತಾರೆ ಅಂತ ಪಾದ್ರಿಗಳೂ ರಾಜನೂ ಹೇಳುತ್ತಿದ್ದದ್ದು ಒಂದು ಕಾರಣ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ದಿನದ ಬದುಕು. ಹಾಲು, ಬೆಣ್ಣೆ, ಬಾಣಂತನ, ಮಗುವಿನ ಕಾಯಿಲೆ, ಕಡ ತಂದ ಹಿಟ್ಟು, ಇದೆಲ್ಲ ಹೆಂಗಸರ ಲೋಕ, ಅಲ್ಲಿ ಎಡವಟ್ಟಾದರೆ ಬೆರಳು ಹೋಗುವುದು ಇನ್ನೊಬ್ಬ ಹೆಂಗಸಿನ ಕಡೆಗೇ. ಗಂಡಸರಿಗೆ ಜಗಳವಾದರೆ ಕೈ ಮಿಲಾಯಿಸಬಹುದು, ಕೋರ್ಟಿಗೆ ಹೋಗಬಹುದು. ಬಡ ಹೆಂಗಸಿಗೆ ಇದ್ದದ್ದು ನಾಲಿಗೆ ಒಂದೇ. ಅದಕ್ಕೇ ಮಾಟ ಅಂತ ಹೆಸರಿಟ್ಟರು. ಸಾಮಾನ್ಯ ಕ್ರಿಮಿನಲ್ ಕೇಸುಗಳಲ್ಲಿ ಹೆಂಗಸಿನ ಸಾಕ್ಷಿಯನ್ನು ಕೋರ್ಟುಗಳು ಒಪ್ಪದಿದ್ದ ಕಾಲ ಅದು, ಆದರೆ 1591ರ ನಂತರ ಮಾಟದ ಕೇಸಿಗೆ ಮಾತ್ರ ಆಗಬಹುದು ಅಂದರು. ಹೆಂಗಸಿನ ಮಾತಿಗೆ ಬೆಲೆ ಬಂದದ್ದು ಇನ್ನೊಬ್ಬ ಹೆಂಗಸಿನ ವಿರುದ್ಧ ಮಾತಾಡಿದಾಗ.

ಮಾಟಗಾತಿಯರೆಲ್ಲ ಗಿಡಮೂಲಿಕೆ ಬಲ್ಲ ಜ್ಞಾನಿಗಳು, ಸೂಲಗಿತ್ತಿಯರು, ಅದಕ್ಕೇ ವೈದ್ಯರು ಹೊಟ್ಟೆಕಿಚ್ಚಿನಿಂದ ಕೊಲ್ಲಿಸಿದರು ಅನ್ನುವ ಕತೆ ಈಗ ಬಹಳ ಓಡುತ್ತದೆ. ಕೇಳಲು ಚೆನ್ನಾಗಿದೆ, ಆದರೆ ದಾಖಲೆಗಳಲ್ಲಿ ಅಂಥವರು ಸ್ವಲ್ಪ ಜನ ಮಾತ್ರ. ಉಳಿದವರು ಯಾವ ವಿದ್ಯೆಯೂ ಇಲ್ಲದ ರೈತರ ಹೆಂಡಂದಿರು, ವಿಧವೆಯರು, ಕೂಲಿಯವರು.

ನಂಬಿಕೆ ಒಂದೇ ಕೊಲ್ಲಲಿಲ್ಲ ಅಂತ ನಾನು ಯಾಕೆ ಹೇಳುತ್ತೇನೆ ಅಂದರೆ, ಏರಿಳಿತ ನೋಡಿ. ಗೇಲಿಕ್ ಮಾತಾಡುವ ಉತ್ತರದ ಗುಡ್ಡಗಾಡಿನಲ್ಲಿ ದೃಷ್ಟಿ, ಯಕ್ಷಿಣಿ, ಶಾಪ ಎಲ್ಲದರ ಮೇಲೂ ಗಟ್ಟಿ ನಂಬಿಕೆ ಇತ್ತು, ಕೇಸುಗಳು ಮಾತ್ರ ಕಡಿಮೆ. ಅಲ್ಲಿ ಕರ್ಕ್ ಸೆಷನ್ನಿನ ಹಿಡಿತ ಸಡಿಲವಾಗಿತ್ತು. ಎಡಿನ್‌ಬರೋ ಸುತ್ತಮುತ್ತ, ಫೈಫ್‌ನಲ್ಲಿ, ಅಂದರೆ ಚರ್ಚೂ ಸರ್ಕಾರವೂ ಬಲವಾಗಿದ್ದ ಕಡೆ, ಅತಿ ಹೆಚ್ಚು. ಬೇಟೆಯೂ ಸದಾ ನಡೆಯುತ್ತಿರಲಿಲ್ಲ, 1590-91, 1597, 1628-30, 1649-50, 1661-62 ಹೀಗೆ ಅಲೆಗಳಾಗಿ ಬರುತ್ತಿತ್ತು. 1650ರ ದಶಕದಲ್ಲಿ, ಇಂಗ್ಲೆಂಡಿನಲ್ಲಿ ರಾಜನನ್ನು ಉರುಳಿಸಿ ಅಧಿಕಾರ ಹಿಡಿದಿದ್ದ ಕ್ರಾಮ್‌ವೆಲ್‌ನ ಸೈನ್ಯ ಸ್ಕಾಟ್ಲೆಂಡನ್ನು ಹಿಡಿದುಕೊಂಡಿತು, ಇಂಗ್ಲಿಷ್ ನ್ಯಾಯಾಧೀಶರು ಬಂದು ಕೂತರು, ಅವರು ಈ ತಪ್ಪೊಪ್ಪಿಗೆಗಳನ್ನು ಸುಲಭವಾಗಿ ನಂಬಲಿಲ್ಲ. ಕೇಸು ಇಳಿದವು. ರಾಜಮನೆತನ ವಾಪಸ್ ಬಂತು, ಹಳೇ ಯಂತ್ರ ಮತ್ತೆ ಶುರುವಾಯಿತು, 1661-62ರಲ್ಲಿ 600ಕ್ಕೂ ಹೆಚ್ಚು ಜನರ ಮೇಲೆ ಆರೋಪ ಬಂತು. 1662ರಲ್ಲಿ ಪ್ರಿವಿ ಕೌನ್ಸಿಲ್, ಅನುಮತಿ ಇಲ್ಲದೆ ಯಾರನ್ನೂ ಹಿಡಿಯಬೇಡಿ, ಸೂಜಿ ಚುಚ್ಚಬೇಡಿ, ನಿದ್ದೆಗೆಡಿಸಬೇಡಿ ಅಂತ ಆಜ್ಞೆ ಮಾಡಿತು, ಕಿನ್‌ಕೇಡ್‌ನನ್ನು ಜೈಲಿಗೆ ಹಾಕಿತು. ಅಲೆ ಇಳಿಯಿತು. ಜನರ ನಂಬಿಕೆ ಒಂದು ವರ್ಷದಲ್ಲಿ ಬದಲಾಗಿತ್ತಾ? ಇಲ್ಲ, ನಿಯಮ ಬದಲಾಗಿತ್ತು.

ನನ್ನ ಈ ವಾದಕ್ಕೆ ಅಡ್ಡ ನಿಲ್ಲುವ ಒಂದು ಘಟನೆ ಇದೆ, ಅದನ್ನು ಮುಚ್ಚಿಡಬಾರದು. ಮೊಳೆಯ ಜಗಳ ನಡೆದ ಅದೇ ಪಿಟನ್‌ವೀಮ್. ಈ ಸಲ ಪ್ರಿವಿ ಕೌನ್ಸಿಲ್ ಊರಲ್ಲಿ ವಿಚಾರಣೆ ಮಾಡಲು ಬಿಡಲಿಲ್ಲ. ಆರೋಪಿಗಳಲ್ಲಿ ಜಾನೆಟ್ ಕಾರ್ನ್‌ಫುಟ್ ಎಂಬಾಕೆ ತಪ್ಪಿಸಿಕೊಂಡು ಹೋಗಿ, ಸಿಕ್ಕಿಬಿದ್ದು, 1705ರ ಜನವರಿಯಲ್ಲಿ ಊರಿಗೆ ಮರಳಿದಳು. ಜನ ಅವಳನ್ನು ಕಡಲ ದಂಡೆಗೆ ಎಳೆದುಕೊಂಡು ಹೋಗಿ ಹೊಡೆದರು, ಮೈಮೇಲೆ ಬಾಗಿಲು ಹಾಕಿ ಅದರ ಮೇಲೆ ಕಲ್ಲು ಹೇರಿ ಕೊಂದರು. ಯಾರಿಗೂ ಶಿಕ್ಷೆ ಆಗಲಿಲ್ಲ. ಕಚೇರಿ ಒಲ್ಲೆ ಅಂದರೂ ಗುಂಪು ಕೊಲ್ಲಬಲ್ಲದು. ಆದರೆ ಆ ಗುಂಪಿಗೆ ಅದು ತಪ್ಪಲ್ಲ ಅಂತ ನೂರನಲವತ್ತು ವರ್ಷ ಕಲಿಸಿದವರು ಯಾರು? ಇಂಥ ಗುಂಪು ಕೊಲೆ ಅಲ್ಲಿ ಅಪರೂಪವಾಗಿತ್ತು, ಅದಕ್ಕೇ ಇದರ ಸುದ್ದಿ ಅಷ್ಟು ದೊಡ್ಡದಾಯಿತು.

ಕೊನೆಯ ಸಾವು ಉತ್ತರದ ಡಾರ್ನಾಕ್ ಊರಲ್ಲಿ, 1727 ಅಂತ ಹೇಳುತ್ತಾರೆ, ಅಲ್ಲಿರುವ ಕಲ್ಲಿನ ಮೇಲೆ 1722 ಅಂತಿದೆ. ಜಾನೆಟ್ ಹಾರ್ನ್ ಅನ್ನುವ ಮುದುಕಿ. ಅವಳ ಮಗಳ ಕೈಕಾಲು ಸೊಟ್ಟಗಿದ್ದವು, ಅದಕ್ಕೆ ಕಾರಣ ತಾಯಿ ಅವಳನ್ನು ಕುದುರೆ ಮಾಡಿಕೊಂಡು ಸೈತಾನನಿಂದ ಲಾಳ ಹೊಡೆಸಿದ್ದು ಅಂತ ಆರೋಪ. ಚಳಿಗೆ ನಡುಗುತ್ತಿದ್ದ ಮುದುಕಿ ತನ್ನನ್ನೇ ಸುಡಲು ಹಾಕಿದ್ದ ಬೆಂಕಿಗೆ ಕೈ ಕಾಯಿಸಿಕೊಂಡಳಂತೆ.

ಈಗಿನ ಚರ್ಚೆಗೆ ಬರೋಣ. ಎಡಿನ್‌ಬರೋದ ಪ್ರಿನ್ಸಸ್ ಸ್ಟ್ರೀಟ್ ಉದ್ಯಾನದಲ್ಲಿ ಗಂಡಸರ ಪ್ರತಿಮೆಗಳ ಜೊತೆ ಪೋಲೆಂಡ್ ಸೈನಿಕರು ಸಾಕಿದ್ದ ವೊಯ್‌ಟೆಕ್ ಅನ್ನುವ ಕರಡಿಯ ಪ್ರತಿಮೆಯೂ ಇದೆ. ಆ ಉದ್ಯಾನದ ಎದುರಿಗೇ ಇರುವ ಕೋಟೆಯ ಬುಡದಲ್ಲಿ ಸುಟ್ಟ ಹೆಂಗಸರಿಗೆ ಇರುವುದು ಗೋಡೆಗೆ ಅಂಟಿಸಿದ ಒಂದು ಪುಟ್ಟ ಕಾರಂಜಿ. ಅದನ್ನು 1894ರಲ್ಲಿ ಮಾಡಿಸಿದವರು ಪ್ಯಾಟ್ರಿಕ್ ಗೆಡ್ಡಿಸ್, ಮುಂದೆ ಬಾಂಬೆ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ವಿಭಾಗ ಕಟ್ಟಿದವರೂ ಅವರೇ. ಪಕ್ಕದ ಫಲಕ ಓದಿದರೆ ಸಿಟ್ಟು ಬರುತ್ತದೆ. ಇವರಲ್ಲಿ ಕೆಲವರು ತಮ್ಮ ವಿಶೇಷ ಜ್ಞಾನವನ್ನು ಕೆಟ್ಟದ್ದಕ್ಕೆ ಬಳಸಿದರು, ಇನ್ನು ಕೆಲವರನ್ನು ಜನ ತಪ್ಪು ತಿಳಿದರು ಅನ್ನುವ ಅರ್ಥದಲ್ಲಿ ಬರೆದಿದ್ದಾರೆ. ಅಂದರೆ ಸ್ಮಾರಕವೇ ಅರ್ಧ ಆರೋಪ ಹೊರಿಸುತ್ತಿದೆ.

ವಕೀಲೆ ಕ್ಲೇರ್ ಮಿಚೆಲ್ ಮತ್ತು ಬರಹಗಾರ್ತಿ ಜೋಯಿ ವೆಂಡಿಟೊಝಿ ಸೇರಿ 2020ರ ಮಹಿಳಾ ದಿನದಂದು ಒಂದು ಅಭಿಯಾನ ಶುರು ಮಾಡಿದರು. ಬೇಡಿಕೆ ಮೂರು: ಸರ್ಕಾರ ಕ್ಷಮೆ ಕೇಳಬೇಕು, ಶಿಕ್ಷೆ ಆದವರಿಗೆ ಕ್ಷಮಾದಾನ ಕೊಡಬೇಕು, ಸರಿಯಾದ ಸ್ಮಾರಕ ಕಟ್ಟಬೇಕು. 2022ರ ಮಾರ್ಚ್ 8ರಂದು ಆಗಿನ ಫಸ್ಟ್ ಮಿನಿಸ್ಟರ್ (ಅಂದರೆ ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥೆ) ನಿಕೊಲಾ ಸ್ಟರ್ಜನ್ ಅಲ್ಲಿನ ಪಾರ್ಲಿಮೆಂಟಿನಲ್ಲಿ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. ಅದೇ ವರ್ಷ ಮೇ ತಿಂಗಳಲ್ಲಿ ಚರ್ಚ್ ಆಫ್ ಸ್ಕಾಟ್ಲೆಂಡ್ ಕೂಡ ಕ್ಷಮೆ ಕೇಳಿತು. ಕ್ಷಮಾದಾನದ ಮಸೂದೆಗೆ ನಟಾಲಿ ಡಾನ್ ಎಂಬ ಶಾಸಕಿ ಕೈಹಾಕಿದರು, 2023ರಲ್ಲಿ ಅವರು ಮಂತ್ರಿಯಾದರು, ಮಂತ್ರಿಗಳು ಖಾಸಗಿ ಮಸೂದೆ ತರುವ ಹಾಗಿಲ್ಲ, ಅವರ ಪ್ರಯತ್ನ ಅಲ್ಲಿಗೆ ನಿಂತಿತು.

ಬೇಡ ಅನ್ನುವವರ ವಾದವೂ ತಳ್ಳಿಹಾಕುವಂಥದ್ದಲ್ಲ. ಮುನ್ನೂರು ವರ್ಷದ ಹಿಂದೆ ಸತ್ತವರಿಗೆ ಇದರಿಂದ ಏನು ಬಂತು? ಹಾಗೆ ನೋಡಿದರೆ ಹಳೇ ಕಾನೂನುಗಳಲ್ಲಿ ಸತ್ತವರೆಲ್ಲರ ಕಡತ ತೆಗೆಯಬೇಕಾಗುತ್ತದೆ. ಇನ್ನೊಂದು ಸೂಕ್ಷ್ಮ ತಕರಾರಿದೆ, ಕ್ಷಮಾದಾನ ಅಂದರೆ ತಪ್ಪು ಮಾಡಿದ್ದಾರೆ, ಬಿಟ್ಟಿದ್ದೇವೆ ಅಂದ ಹಾಗಲ್ಲವೇ? ಆ ಶಬ್ದ ನನಗೂ ಹಿಡಿಸುವುದಿಲ್ಲ. ಆದರೆ ಬ್ರಿಟನ್ನಿನಲ್ಲಿ ಮೊದಲ ಮಹಾಯುದ್ಧದಲ್ಲಿ ಹೇಡಿಗಳು ಅಂತ ಗುಂಡಿಕ್ಕಿ ಕೊಂದ ಸೈನಿಕರಿಗೆ 2006ರಲ್ಲಿ, ಸ್ಕಾಟ್ಲೆಂಡಿನಲ್ಲಿ ಸಲಿಂಗಿ ಗಂಡಸರಿಗೆ 2018ರಲ್ಲಿ, ಮುಷ್ಕರ ಮಾಡಿದ ಗಣಿ ಕಾರ್ಮಿಕರಿಗೆ 2022ರಲ್ಲಿ ಕ್ಷಮಾದಾನ ಕೊಟ್ಟಾಗ ಇದೇ ಶಬ್ದ ಸಾಕಾಯಿತು. ಕ್ಷಮೆ ಕೇಳೋದು ಬಾಯಿಮಾತು. ಕಡತದಲ್ಲಿ ಬರೆದು ಕೊಂದದ್ದನ್ನು ಕಡತದಲ್ಲೇ ತಿದ್ದಬೇಕು ಅನ್ನುವ ಕಡೆಗೆ ನಾನು.

ಕಾಯ್ದೆ ಎತ್ತ ತಿರುಗಿದೆ ಅನ್ನುವುದು ಎಷ್ಟು ಮುಖ್ಯ ಅಂತ ತಿಳಿಯಲು ನಮ್ಮ ದೇಶವನ್ನೇ ನೋಡಬಹುದು. ಜಾರ್ಖಂಡ್‌ನ 2001ರ ಕಾಯ್ದೆಯಲ್ಲಿ ಒಬ್ಬಾಕೆಯನ್ನು ಡಾಯನ್, ಅಂದರೆ ಮಾಟಗಾತಿ, ಅಂತ ಕರೆಯುವುದೇ ಅಪರಾಧ. ಸ್ಕಾಟ್ಲೆಂಡಿನ 1563ರ ಕಾಯ್ದೆಯನ್ನು ಬೋರಲು ಹಾಕಿದ ಹಾಗೆ. ಕರ್ನಾಟಕದಲ್ಲೂ ಅಮಾನವೀಯ ಆಚರಣೆ ಮತ್ತು ವಾಮಾಚಾರ ತಡೆಯುವ 2017ರ ಕಾಯ್ದೆ ಇದೆ, ಜಾರಿಗೆ ಬಂದದ್ದು 2020ರಲ್ಲಿ. ಕಾಯ್ದೆ ಬಂದ ಮಾತ್ರಕ್ಕೆ ಜಾರ್ಖಂಡ್‌ನಲ್ಲಿ ಕೊಲೆ ನಿಂತಿಲ್ಲ, ಪಿಟನ್‌ವೀಮ್ ಥರದ ಗುಂಪುಗಳು ಇಲ್ಲೂ ಇವೆ. ಆದರೆ ಕೊಂದವರಿಗೆ ಸರ್ಕಾರ ಕಟ್ಟಿಗೆಯ ದುಡ್ಡು ಕೊಡುತ್ತಿಲ್ಲ.

ಆರ್ಕ್ನಿ ದ್ವೀಪದ ಕರ್ಕ್‌ವಾಲ್‌ನಲ್ಲಿ 2019ರಲ್ಲಿ ಒಂದು ಸ್ಮಾರಕ ಮಾಡಿದರು. ಅದರ ಮೇಲೆ ಆ ದ್ವೀಪದ ಆಡುಮಾತಿನಲ್ಲಿ ಕೆತ್ತಿದ್ದಾರೆ, ‘ಅವರು ಬರೀ ಜನ’ ಅಂತ. ಗೆಡ್ಡಿಸ್ ಕಾರಂಜಿಯ ಫಲಕಕ್ಕಿಂತ ಇದು ಸಾವಿರ ಪಾಲು ವಾಸಿ.

ಫೈಫ್‌ನ ಟಾರಿಬರ್ನ್ ಊರಿನ ಲಿಲಿಯಸ್ ಏಡಿಯನ್ನು 1704ರಲ್ಲಿ ಹಿಡಿದಾಗ ಅವಳಿಗೆ ವಯಸ್ಸಾಗಿತ್ತು. ಸೈತಾನನನ್ನು ಕಂಡೆ ಅಂತ ಒಪ್ಪಿಸಿದರು. ಜೊತೆಗಿದ್ದವರ ಹೆಸರು ಹೇಳು ಅಂದರೆ, ಅವರೆಲ್ಲ ದೊಡ್ಡ ಮನೆಯ ಹೆಂಗಸರ ಹಾಗೆ ಮುಖ ಮುಚ್ಚಿಕೊಂಡಿದ್ದರು, ಗುರುತು ಸಿಗಲಿಲ್ಲ ಅಂದಳು. ವಿಚಾರಣೆಗೆ ಮುಂಚೆಯೇ ಜೈಲಿನಲ್ಲಿ ಸತ್ತಳು. ಚರ್ಚಿನ ನೆಲದಲ್ಲಿ ಹೂಳುವಂತಿಲ್ಲ, ಸುಡಲು ತೀರ್ಪಿಲ್ಲ. ಎದ್ದು ಬಂದಾಳು ಅಂತ ಹೆದರಿ, ಉಬ್ಬರ ಇಳಿತದ ನಡುವಿನ ಕಡಲ ಕೆಸರಿನಲ್ಲಿ ಹೂತು ಮೇಲೆ ದೊಡ್ಡ ಚಪ್ಪಡಿ ಎಳೆದರು. ಹತ್ತೊಂಬತ್ತನೇ ಶತಮಾನದಲ್ಲಿ ಹಳೇ ವಸ್ತು ಕೂಡಿಡುವ ಶೋಕಿಯವರು ಬಂದು ಅಗೆದರು, ತಲೆಬುರುಡೆ ತೆಗೆದುಕೊಂಡು ಹೋದರು, ಪೆಟ್ಟಿಗೆಯ ಹಲಗೆಯಿಂದ ಊರುಗೋಲು ಮಾಡಿಸಿಕೊಂಡರು. ಬುರುಡೆ 1938ರಲ್ಲಿ ಗ್ಲಾಸ್ಗೋದ ವಸ್ತುಪ್ರದರ್ಶನದಲ್ಲಿತ್ತು, ಆಮೇಲೆ ಎಲ್ಲಿಗೆ ಹೋಯಿತೋ ಸುಳಿವಿಲ್ಲ. ಉಳಿದಿದ್ದ ಫೋಟೊ ಇಟ್ಟುಕೊಂಡು 2017ರಲ್ಲಿ ಡಂಡೀ ವಿಶ್ವವಿದ್ಯಾಲಯದವರು ಅವಳ ಮುಖವನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿ ಮಾಡಿದರು. ಹಲ್ಲು ಸ್ವಲ್ಪ ಮುಂದಿರುವ, ನಮ್ಮ ಯಾವ ಊರ ಸಂತೆಯಲ್ಲೂ ಸಿಗಬಹುದಾದ ಅಜ್ಜಿ ಮುಖ. ಚಪ್ಪಡಿ ಇನ್ನೂ ಅಲ್ಲೇ ಇದೆ, ನೀರು ಇಳಿದಾಗ ಕಾಣುತ್ತದೆ.